ಹತ್ತುವ ಮಾತು

ದೋರನಹಳ್ಳಿಯ ನನ್ನ ವಿದ್ಯಾರ್ಥಿನಿಯೊಬ್ಬಳು ನೌಕರಿಯ ಸಂದರ್ಶನಕ್ಕೆ ಹೋಗಿದ್ದಳು. ಅಧಿಕಾರಿಯೊಬ್ಬರು ಮುಗುಳುನಕ್ಕು, ‘ಹೌ ಆರ್ ಯು ಗೆಟಿಂಗ್ ಆನ್?’ ಎಂದರಂತೆ. ‘ಗೆಟ್ ಆನ್’ ಎಂದರೆ ಹತ್ತುವುದೆಂದು ಶಾಲೆಯಲ್ಲಿ ಕಲಿತಿದ್ದ ಹುಡುಗಿ, ಶಹಾಪುರದಲ್ಲಿ ಬಸ್ಸು ಹತ್ತಿದುದನ್ನು ಇಂಗ್ಲಿಷಿನಲ್ಲಿಯೇ ವಿವರಿಸಿದಳು. ಅವರು ಕೇಳಿದ್ದು ಕ್ಷೇಮಸಮಾಚಾರ. ಕೊಠಡಿಯೆಲ್ಲ ನಕ್ಕಿತು. ಮರುದಿನ ನನ್ನ ಬಳಿಗೆ ಬಂದು, ‘ಇನ್ನ ಇಂಗ್ಲಿಷಿನ ಸಹವಾಸ ಬ್ಯಾಡ್ರೀ ಸರ್’ ಎಂದಳು.

ನಾನು ಕನ್ನಡದ ಅಧ್ಯಾಪಕ. ಇಂಗ್ಲಿಷಿನ ವಕಾಲತ್ತು ನನ್ನದಲ್ಲ. ಆದರೆ ಅವಳ ದೂರು ಸುಳ್ಳಲ್ಲ. ಬಸ್ಸನ್ನು ಏರಿದರೆ ಗೆಟ್ ಆನ್. ಅತ್ತೆ-ಸೊಸೆಯರು ಹೊಂದಿಕೊಂಡು ಬಾಳಿದರೆ ಅದೂ ಗೆಟ್ ಆನ್. ನಿಂತ ಕೆಲಸವನ್ನು ಮುಂದುವರಿಸಿದರೂ, ಬದುಕಿನಲ್ಲಿ ಮುಂದೆ ಬಂದರೂ, ಅಜ್ಜನಿಗೆ ವಯಸ್ಸಾಗುತ್ತ ಬಂದರೂ ಅದೇ ಮಾತು!

‘ಇರಲಿ ತಂಗೀ, ನಿಮ್ಮ ಊರಲ್ಲಿ ಏನೇನು ಹತ್ತುತ್ತದೆ, ಹೇಳು’ ಎಂದೆ. ಅವಳು ಎಣಿಸಿದಳು: ಒಲೆ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ರೋಗ ಹತ್ತುತ್ತದೆ, ಹುಚ್ಚು ಹತ್ತುತ್ತದೆ, ನಾಯಿ ಬೆನ್ನು ಹತ್ತುತ್ತದೆ, ಪಾಠ ಮಾತ್ರ ತಲೆಗೆ ಹತ್ತುವುದಿಲ್ಲ. ‘ಈಗ ಏನು ಮಾಡುತ್ತಿರುವೆ?’ ಎಂದೆ. ‘ಓದ್ಲಾಕ ಹತ್ತೀನ್ರೀ’ ಎಂದವಳೇ ಬಾಯಿಗೆ ಕೈಯಿಟ್ಟು ನಕ್ಕಳು.

ಕಿಟ್ಟೆಲರ 1894ರ ನಿಘಂಟನ್ನು ತೆರೆದು ತೋರಿಸಿದೆ. ಹಿಂದಿನ ‘ಪಾಲು’ ಇಂದು ‘ಹಾಲು’ ಆದಂತೆ, ಹಳಗನ್ನಡದ ‘ಪತ್ತು’ ಇಂದಿನ ‘ಹತ್ತು’. ಅದರ ಹಳೆಯ ಅರ್ಥ ಅಂಟಿಕೊಳ್ಳುವುದು. ಕಟ್ಟಿಗೆಗೆ ಬೆಂಕಿ ಅಂಟಿತು, ಹತ್ತಿತು. ಮನುಷ್ಯ ಓದಿಗೆ ಅಂಟಿಕೊಂಡ, ‘ಓದ್ಲಾಕ ಹತ್ತಿದ’. ಇಂಗ್ಲಿಷಿನ ‘ಆನ್’ ಎಂಬುದೂ ಒಂದು ವಸ್ತು ಇನ್ನೊಂದರ ಮೇಲೆ ತಾಗಿರುವುದನ್ನು ಹೇಳುತ್ತದೆ. ಬಿಡದೆ ಸಾಗುವುದನ್ನೂ ಹೇಳುತ್ತದೆ. ‘ಗೋ ಆನ್’, ‘ಕ್ಯಾರಿ ಆನ್’ ಎಂಬವುಗಳಲ್ಲಿರುವುದು ಅದೇ. ಬಂಧುತ್ವವಿಲ್ಲದ ಎರಡು ನುಡಿಗಳು ಹಿಡಿದ ದಾರಿ ಮಾತ್ರ ಒಂದೇ!

ನಮ್ಮ ಕಡೆಯ ‘ಹತ್ತೀನಿ’ಯನ್ನು ಕೇಳಿ ನಗುವವರು ಬೆಂಗಳೂರಿನಲ್ಲಿದ್ದಾರೆ. ಅಲ್ಲಿ ತನ್ನ ಕನ್ನಡಕ್ಕಾಗಿ, ಇಲ್ಲಿ ತನ್ನ ಇಂಗ್ಲಿಷಿಗಾಗಿ ತಲೆ ತಗ್ಗಿಸುವ ಮಗುವಿಗೆ ನಾವು ಕೊಡುವುದು ಬಾಯಿಪಾಠದ ಅರ್ಥಪಟ್ಟಿಯನ್ನು. ಬೀಗದ ಕೈ ನಿನ್ನ ಮನೆಮಾತಿನಲ್ಲಿಯೇ ಇದೆ ಎಂದು ಹೇಳುವುದಿಲ್ಲ. ವಾಚಕರೇ, ಆ ದಿನದವರೆಗೆ ನಾನೂ ಹೇಳಿರಲಿಲ್ಲ.

ಮೊನ್ನೆ ಮತ್ತೊಂದು ಸಂದರ್ಶನಕ್ಕೆ ಹೊರಟವಳು ನಿಲ್ದಾಣದಲ್ಲಿ ಸಿಕ್ಕಳು. ‘ಹೇಗಿದ್ದೀ ಅವ್ವಾ?’ ಎಂದೆ.

‘ಗೆಟಿಂಗ್ ಆನ್, ಸರ್’ ಎಂದಳು. ‘ಬಸ್ಸಷ್ಟೇ ಇನ್ನೂ ಹತ್ತಬೇಕ್ರೀ.’