ಇಡೀ ಕಾಲೇಜಿಗೆ ಒಂದೇ ಪಾಸ್‌ವರ್ಡ್

ಪದವಿ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ‘ಮೇಡಂಗೆ ಕಂಪ್ಯೂಟರ್ ಬರುತ್ತೆ’ ಎಂಬ ಒಂದೇ ಅರ್ಹತೆಯ ಮೇಲೆ ಕಾಲೇಜಿನ ವೆಬ್‌ಸೈಟೂ ನನ್ನ ಮೇಜಿಗೆ ಬಂದಿದೆ. ಕಾಲೇಜಿಗೆ ನ್ಯಾಕ್ ಮೌಲ್ಯಮಾಪನ ನಡೆಯುವ ವರ್ಷ ಸೈಟಿಗೆ ಹೊಸ ಬಣ್ಣ ಬಳಿಸಲು ಆಡಳಿತ ಮಂಡಳಿಗಳು ದುಡ್ಡು ಸುರಿಯುತ್ತವೆ. ಅದರೊಳಗೆ ಆಗಲೇ ಇರುವ ವ್ಯವಸ್ಥೆಯನ್ನು ಮಾತ್ರ ಯಾರೂ ಬಳಸುವುದಿಲ್ಲ.

ಹಿಂದೆ ಪ್ರತಿ ಪುಟವನ್ನೂ ಎಚ್‌ಟಿಎಂಎಲ್‌ನಲ್ಲಿ ಕೈಯಾರೆ ಬರೆಯುತ್ತಿದ್ದರು. ಶುಲ್ಕ ಕಟ್ಟುವ ಕೊನೆಯ ದಿನ ಮುಂದೆ ಹೋದರೆ ಸೈಟು ಮಾಡಿಕೊಟ್ಟವರಿಗೆ ಫೋನು, ಮೇಲು, ಮತ್ತೆ ಫೋನು. ಅವರು ತಿದ್ದುವ ಹೊತ್ತಿಗೆ ಆ ದಿನವೂ ಕಳೆದಿರುತ್ತಿತ್ತು. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಅಂದರೆ ಸಿಎಂಎಸ್, ಈ ಪರದಾಟ ತಪ್ಪಿಸಿತು. ಬರಹವೆಲ್ಲ ಡೇಟಾಬೇಸಿನಲ್ಲಿ, ಪುಟದ ಅಂದಚೆಂದ ‘ಥೀಮ್’ನಲ್ಲಿ. ಲಾಗಿನ್ ಆಗಿ, ನೋಟಿಸ್ ಟೈಪ್ ಮಾಡಿ, ಪಬ್ಲಿಷ್ ಒತ್ತಿದರೆ ಮುಗಿಯಿತು. 2001ರಲ್ಲಿ ಡ್ರುಪಾಲ್ ಬಂತು, 2003ರಲ್ಲಿ ವರ್ಡ್‌ಪ್ರೆಸ್. ಎರಡಕ್ಕೂ ಪರವಾನಗಿ ಶುಲ್ಕವಿಲ್ಲ. ಇವತ್ತು ಜಗತ್ತಿನ ಹತ್ತು ಸೈಟುಗಳಲ್ಲಿ ಸುಮಾರು ನಾಲ್ಕು ವರ್ಡ್‌ಪ್ರೆಸ್ ಮೇಲೇ ನಡೆಯುತ್ತಿವೆ.

ಇಷ್ಟನ್ನು ಸೈಟು ಮಾರಲು ಬರುವವರೂ ಹೇಳುತ್ತಾರೆ. ಅವರು ಹೇಳದೆ ಬಿಡುವುದು ಹೊಣೆ ಹಂಚುವ ಸೌಲಭ್ಯದ ಬಗ್ಗೆ. ವರ್ಡ್‌ಪ್ರೆಸ್‌ನಲ್ಲಿ ಬಳಕೆದಾರರಿಗೆ ಬೇರೆ ಬೇರೆ ದರ್ಜೆಗಳಿವೆ. ‘ಕಾಂಟ್ರಿಬ್ಯೂಟರ್’ ಬರೆಯಬಹುದು, ಪ್ರಕಟಿಸುವಂತಿಲ್ಲ. ‘ಎಡಿಟರ್’ ಅದನ್ನು ಓದಿ, ತಿದ್ದಿ, ಪ್ರಕಟಿಸಬಹುದು. ಸೈಟಿನ ಬುಡಕ್ಕೇ ಕೈ ಹಾಕುವ ಅಧಿಕಾರ ‘ಅಡ್ಮಿನಿಸ್ಟ್ರೇಟರ್’ಗೆ ಮಾತ್ರ. ಪುಟವನ್ನು ತಿದ್ದಿದಾಗಲೆಲ್ಲ ಹಳೆಯ ಪ್ರತಿ ಉಳಿಯುತ್ತದೆ. ಯಾರು, ಯಾವಾಗ ತಿದ್ದಿದರು ಎಂಬುದೂ ಸಿಗುತ್ತದೆ. ಕಸದ ಬುಟ್ಟಿಗೆ ಹಾಕಿದ ಪುಟ ಕೂಡ 30 ದಿನ ಅಲ್ಲೇ ಇರುತ್ತದೆ.

ಆದರೆ ನಮ್ಮಲ್ಲಿ ಪ್ರಾಂಶುಪಾಲರಿಂದ ಹಿಡಿದು ಕಳೆದ ವರ್ಷ ಬಿಟ್ಟುಹೋದ ಅತಿಥಿ ಉಪನ್ಯಾಸಕರವರೆಗೆ ಎಲ್ಲರ ಬಳಿಯೂ ಅದೇ ಅಡ್ಮಿನ್ ಪಾಸ್‌ವರ್ಡ್! ಪರೀಕ್ಷಾ ವೇಳಾಪಟ್ಟಿ ಕಾಣೆಯಾದ ದಿನ ಹುಡುಕಿ ನೋಡಿದರೆ ತೆಗೆದವರ ಹೆಸರು ‘ಅಡ್ಮಿನ್’. ಚೆಕ್ಕಿಗೆ ಇಬ್ಬರ ಸಹಿ ಬೇಕೆನ್ನುವ ಸಂಸ್ಥೆ ಇಲ್ಲಿ ಯಾಕೆ ಇಷ್ಟು ಉದಾರಿಯಾಗುತ್ತದೋ!

ಇನ್ನೊಂದು ಕಿರಿಕಿರಿ ಕನ್ನಡದ್ದು. ಕಚೇರಿಯಲ್ಲಿ ನೋಟಿಸುಗಳನ್ನು ಇನ್ನೂ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ಅದನ್ನು ನಕಲಿಸಿ ಸಿಎಂಎಸ್‌ಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ. ಹಾಗಾಗಿ ಸುಲಭದ ದಾರಿ ಹಿಡಿಯುತ್ತಾರೆ: ಪ್ರಿಂಟ್ ತೆಗೆದು, ಸೀಲು ಒತ್ತಿ, ಸ್ಕ್ಯಾನ್ ಮಾಡಿ, ಪಿಡಿಎಫ್ ಏರಿಸುವುದು. ಹುಡುಕಾಟಕ್ಕೆ ಅದು ಸಿಗುವುದಿಲ್ಲ. ಸ್ಕ್ರೀನ್ ರೀಡರ್ ಬಳಸುವ ದೃಷ್ಟಿಹೀನ ವಿದ್ಯಾರ್ಥಿಗೆ ಅದು ಬರೀ ಚಿತ್ರ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಆ ಹುಡುಗ ತನ್ನ ಪರೀಕ್ಷೆಯ ದಿನವನ್ನು ಯಾರನ್ನೂ ಕೇಳಬೇಕಿರಲಿಲ್ಲ.

ಕಾಲೇಜುಗಳ ಮಾತು ಬಿಡಿ, ಸರ್ಕಾರಿ ಕಚೇರಿಗಳನ್ನೇ ನೋಡಿ. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಯಾರೂ ಅರ್ಜಿ ಹಾಕದೆಯೇ ಅಧಿಕಾರಿಗಳ ವಿವರ, ಅವರ ಸಂಬಳ, ಬಜೆಟ್ ಮುಂತಾದವನ್ನು ಸಾರ್ವಜನಿಕ ಪ್ರಾಧಿಕಾರಗಳು ತಾವೇ ಪ್ರಕಟಿಸಬೇಕು, ಪ್ರತಿವರ್ಷ ಪರಿಷ್ಕರಿಸಬೇಕು ಎನ್ನುತ್ತದೆ ಅದರ 4ನೇ ಸೆಕ್ಷನ್. ಜಿಲ್ಲಾಡಳಿತಗಳ ಸೈಟುಗಳಿಗೆ ರಾಷ್ಟ್ರೀಯ ಮಾಹಿತಿ ಕೇಂದ್ರವೇ ಸಿದ್ಧ ಚೌಕಟ್ಟು ಕೊಟ್ಟಿದೆ. ತುಂಬುವ ಕೆಲಸ ಜಿಲ್ಲೆಯವರದು. ಅದನ್ನು ಇಂಥವರೇ ಮಾಡಬೇಕು ಎಂದು ಹೆಸರು ಹಿಡಿದು ಆದೇಶ ಹೊರಡಿಸದಿದ್ದರೆ ಯಾವ ಸಿಎಂಎಸ್ಸೂ ವರ್ಗವಾಗಿ ಹೋದ ಅಧಿಕಾರಿಯ ಫೋಟೊವನ್ನು ತಾನಾಗಿ ಇಳಿಸುವುದಿಲ್ಲ.

ಆಡಳಿತ ಮಂಡಳಿಗಳಿಗೆ ನನ್ನದೊಂದು ಬೇಡಿಕೆ. ಹೊಸ ವಿನ್ಯಾಸಕ್ಕೆ ಕೊಟೇಶನ್ ಕರೆಯುವ ಮೊದಲು ಡೊಮೇನ್ ಸಂಸ್ಥೆಯ ಹೆಸರಿನಲ್ಲಿದೆಯೋ, ಸೈಟು ಮಾಡಿಕೊಟ್ಟವರ ಹೆಸರಿನಲ್ಲಿದೆಯೋ ನೋಡಿಸಿ. ಕೆಲಸ ಮಾಡುವ ಪ್ರತಿಯೊಬ್ಬರಿಗೂ ಅವರವರ ಹೆಸರಿನ ಖಾತೆ ತೆರೆಸಿ, ಬಿಟ್ಟುಹೋದವರದ್ದನ್ನು ಅದೇ ದಿನ ಮುಚ್ಚಿಸಿ. ಇದಕ್ಕೆ ಟೆಂಡರ್ ಬೇಕಿಲ್ಲ, ಅರ್ಧ ದಿನ ಸಾಕು.