ಚೈನ್‌ಗೆ ಸ್ವಲ್ಪ ಸಡಿಲವೂ ಬೇಕು

"ಚೈನ್ ಲೂಸ್ ಆಗಿದೆ, ಟೈಟ್ ಮಾಡ್ಬಿಡಿ." ಗ್ಯಾರೇಜಿನಲ್ಲಿ ದಿನಾ ಕೇಳಿಬರೋ ಮಾತಿದು. ಎಷ್ಟು ಟೈಟ್ ಅಂತ ಕೇಳುವವರು ಮಾತ್ರ ಕಡಿಮೆ. ಮೆಕ್ಯಾನಿಕಲ್ ಓದುವ ನಾವೂ ಕೇಳಲ್ಲ. ಪರೀಕ್ಷೆಯಲ್ಲಿ ಚೈನ್ ಡ್ರೈವ್ ಲೆಕ್ಕ ಬಂದ್ರೆ ಡೇಟಾ ಹ್ಯಾಂಡ್‌ಬುಕ್ ತೆರೆದು ಪಿಚ್, ಹಲ್ಲು, ಲಿಂಕುಗಳ ಸಂಖ್ಯೆ ಎಲ್ಲ ಬರೆದು ಪೂರ್ತಿ ಅಂಕ ತಗೊಳ್ತೀವಿ. ಅದೇ ಒಂದು ಹಳೇ ಬೈಕ್ ಮುಂದೆ ನಿಲ್ಲಿಸಿ "ಇದಕ್ಕೆ ಹೊಸ ಚೈನ್ ಹಾಕಪ್ಪ" ಅಂದ್ರೆ ಮುಖ ಮುಖ ನೋಡ್ಕೋತೀವಿ. ನನ್ನ ವಾದ ಇಷ್ಟೇ: ಈ ಕೆಲಸವನ್ನು ನಾವೆಲ್ಲ ಒಮ್ಮೆಯಾದರೂ ಕೈಯಾರೆ ಮಾಡಬೇಕು, ಅದಕ್ಕೆ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಹಳೇ ಬೈಕ್ ಇರಬೇಕು.

ಹಳೇ ಬೈಕಿಗೆ ದೂರ ಹೋಗಬೇಕಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಬೈಕುಗಳನ್ನು ತಯಾರಿಸಿತು. ಅವು ಇವತ್ತಿಗೂ ನಮ್ಮ ರಸ್ತೆಗಳಲ್ಲಿ ಓಡಾಡ್ತಿವೆ. ಹಳೇ ಜಾವಾದಲ್ಲಿ ಚೈನ್ ಪೂರ್ತಿ ಮುಚ್ಚಿದ ಕೇಸ್ ಒಳಗೆ ಇರುತ್ತೆ. ಧೂಳು, ಕೆಸರು ಒಳಗೆ ಹೋಗಲ್ಲ, ಗ್ರೀಸ್ ಹೊರಗೆ ಬರಲ್ಲ. "ಲುಕ್ ಬರುತ್ತೆ" ಅಂತ ಈ ಕೇಸ್ ಕಿತ್ತೆಸೆಯುವವರನ್ನು ಕಂಡ್ರೆ ಹೊಟ್ಟೆ ಉರಿಯುತ್ತೆ. ಆದ್ರೆ ಕೇಸ್‌ನಿಂದ ಒಂದು ತೊಂದರೆಯೂ ಇದೆ. ಚೈನ್ ಕಣ್ಣಿಗೆ ಬೀಳಲ್ಲ, ಹಾಗಾಗಿ ನೆನಪಿಗೂ ಬರಲ್ಲ.

ಚೈನ್ "ಎಳೆದುಕೊಂಡಿದೆ" ಅಂತಾರಲ್ಲ, ನಿಜವಾಗಿ ಪ್ಲೇಟುಗಳು ಎಳೆದುಕೊಂಡಿರೋದಿಲ್ಲ. ಪ್ರತಿ ಲಿಂಕಿನ ಪಿನ್ ಮತ್ತು ಬುಷ್ ಕೂದಲೆಳೆಯಷ್ಟು ಸವೆದು, ಆ ಸವೆತಗಳೆಲ್ಲ ಸೇರಿ ಚೈನ್ ಉದ್ದವಾಗುತ್ತೆ. ಅರ್ಧ ಇಂಚು, ಅಂದ್ರೆ 12.7 ಮಿ.ಮೀ. ಪಿಚ್‌ನ ಹೊಸ ಚೈನ್‌ನಲ್ಲಿ 24 ಪಿಚ್ ಅಳೆದರೆ 304.8 ಮಿ.ಮೀ. ಬರಬೇಕು. ಎಳೆದು ಹಿಡಿದಾಗ 311ರ ಹತ್ತಿರ ಬಂತು ಅಂದ್ರೆ ಶೇ. 2ರಷ್ಟು ಬೆಳೆದಿದೆ, ಅದರ ಕಾಲ ಮುಗೀತು ಅಂತ ತಿಳ್ಕೊಳ್ಳಿ. ಗ್ಯಾರೇಜಿನವರು 'ಸಾಕೆಟ್' ಅಂತ ಕರೆಯೋ ಸ್ಪ್ರಾಕೆಟ್‌ನ ಹಲ್ಲುಗಳು ಕೊಕ್ಕೆಯ ಹಾಗೆ ಬಾಗಿದ್ರೆ ಅವನ್ನೂ ಬದಲಿಸಲೇಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕೋದು ಹೊಸ ಚೈನನ್ನೂ ಹಾಳು ಮಾಡಿದ ಹಾಗೆ.

ಹಾಕುವಾಗ ಹಳೇ ಚೈನನ್ನು ಪೂರ್ತಿ ಎಳೆದು ತೆಗೀಬೇಡಿ. ಅದರ ಒಂದು ತುದಿಗೆ ಹೊಸದನ್ನು ಜೋಡಿಸಿ, ಇನ್ನೊಂದು ತುದಿ ಎಳೆದರೆ ಕವರ್ ಹಿಂದೆ ಅಡಗಿರೋ ಮುಂದಿನ ಸ್ಪ್ರಾಕೆಟ್ ಸುತ್ತಿ ಹೊಸ ಚೈನ್ ತಾನಾಗೇ ಬರುತ್ತೆ. ಲಾಡಿ ಪೋಣಿಸೋ ಉಪಾಯವೇ ಇದು. ಎಂಜಿನ್ ಆಫ್ ಇರಲಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ, ಬೆರಳು ಹುಷಾರು. ಕೊನೆಯ ಲಿಂಕಿಗೆ ಹಾಕೋ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡೋ ದಿಕ್ಕಿಗೇ ಇರಬೇಕು. ಉಲ್ಟಾ ಹಾಕಿದ್ರೆ ಏನಾದರೂ ತಗುಲಿ ಕ್ಲಿಪ್ ಕಳಚಬಹುದು. ಓಡುವಾಗ ಚೈನ್ ಬಿಚ್ಚಿಕೊಂಡು ಸಿಕ್ಕಿಹಾಕಿಕೊಂಡರೆ ಹಿಂದಿನ ಚಕ್ರ ಗಪ್ಪನೆ ನಿಲ್ಲಬಹುದು.

ಈಗ ಮುಖ್ಯ ವಿಷಯ, ಸಡಿಲ. ಹಿಂದಿನ ಚಕ್ರ ಸ್ವಿಂಗ್ ಆರ್ಮ್‌ನ ಪಿವಟ್ ಸುತ್ತ ಮೇಲೆ ಕೆಳಗೆ ಆಡುತ್ತೆ. ಮುಂದಿನ ಸ್ಪ್ರಾಕೆಟ್‌ನ ಕೇಂದ್ರ ಇರೋದು ಬೇರೆ ಜಾಗದಲ್ಲಿ. ಹೀಗಾಗಿ ಚಕ್ರ ಆಡಿದ ಹಾಗೆ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಬದಲಾಗ್ತಾ ಇರುತ್ತೆ. ಸ್ಪ್ರಾಕೆಟ್, ಪಿವಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಆ ದೂರ ಅತಿ ಹೆಚ್ಚು. ಸ್ಟ್ಯಾಂಡ್ ಮೇಲೆ ನಿಂತಾಗ ನೀಟಾಗಿ ಬಿಗಿ ಕಾಣೋ ಚೈನ್, ಇಬ್ಬರು ಕೂತು ಹಂಪ್ ಹಾರಿಸಿದಾಗ ಬಿಲ್ಲಿನ ಹೆದೆ ಆಗುತ್ತೆ. ಆ ಎಳೆತ ಹೋಗಿ ಬೀಳೋದು ಗೇರ್‌ಬಾಕ್ಸ್ ಬೇರಿಂಗ್ ಮೇಲೆ. ಒಂದು ನಟ್ ಜಾಸ್ತಿ ತಿರುಗಿಸಿದ್ದಕ್ಕೆ ಎಂಜಿನ್ನೇ ಬಿಚ್ಚಿಸಬೇಕಾಗುತ್ತೆ.

ಕೆಳಗಿನ ಸಾಲಿನ ಮಧ್ಯದಲ್ಲಿ ಚೈನ್ ಮೇಲೆ ಕೆಳಗೆ ಒಟ್ಟು 20ರಿಂದ 30 ಮಿ.ಮೀ. ಆಡಬೇಕು ಅನ್ನೋದು ಸಾಮಾನ್ಯ ಲೆಕ್ಕ. ನಿಮ್ಮ ಬೈಕಿನ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಚಕ್ರ ತಿರುಗಿಸ್ತಾ ನಾಲ್ಕಾರು ಕಡೆ ನೋಡಿ, ಅತಿ ಬಿಗಿ ಇರೋ ಜಾಗದಲ್ಲೇ ಅಳತೆ ಹೊಂದಿಸಿ. ಎರಡೂ ಕಡೆಯ ಅಡ್ಜಸ್ಟರ್ ಸಮ ಸುತ್ತು ತಿರುಗಬೇಕು. ನಲವತ್ತು ವರ್ಷ ಓಡಿ, ಒಂದೆರಡು ಸಲ ಬಿದ್ದೆದ್ದ ಬೈಕಿನ ಗುರುತುಗಳನ್ನು ಪೂರ್ತಿ ನಂಬೋಕಾಗಲ್ಲ. ಗಾರೆಯವರು ಗೋಡೆಗೆ ದಾರ ಹಿಡಿದ ಹಾಗೆ ಹಿಂದಿನ ಟೈರಿನಿಂದ ಮುಂದಿನ ಟೈರಿಗೆ ದಾರ ಹಿಡಿದು ಚಕ್ರಗಳು ನೇರ ಇವೆಯಾ ನೋಡಿ. ಆಕ್ಸಲ್ ನಟ್ ಬಿಗಿದ ಮೇಲೆ ಸಡಿಲ ಮತ್ತೊಮ್ಮೆ ಅಳೆಯಿರಿ. ಚಕ್ರ ಸರಿದಿರೋದರಿಂದ ಹಿಂದಿನ ಬ್ರೇಕನ್ನೂ ಹೊಂದಿಸಬೇಕು. ಹೊಸ ಚೈನ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಕೂರುತ್ತೆ, ಆಗ ಇನ್ನೊಂದು ಸಲ ನೋಡಲೇಬೇಕು.

"ಎಲೆಕ್ಟ್ರಿಕ್ ಗಾಡಿ ಕಾಲದಲ್ಲಿ ಇದೆಲ್ಲ ಯಾಕೆ?" ಅಂತ ಕೇಳಬಹುದು. ಬೇರಿಂಗ್ ಒಳಗಿನ ಸಂದು, ಟ್ಯಾಪೆಟ್ ಗ್ಯಾಪ್, ಸೇತುವೆಯ ಎಕ್ಸ್‌ಪ್ಯಾನ್ಷನ್ ಜಾಯಿಂಟ್, ಎಲ್ಲವೂ ಬೇಕಂತಲೇ ಬಿಟ್ಟ ಸಡಿಲಗಳು. ಸಡಿಲ ಅಂದ್ರೆ ಬೇಜವಾಬ್ದಾರಿ ಅಲ್ಲ, ಅದೂ ಒಂದು ಅಳತೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ರೂ ಬರದ ಈ ತಿಳಿವಳಿಕೆ ಚೈನ್ ಒಂದ್ಸಲ ಬೆರಳಿಗೆ ತಾಗಿದರೆ ಬರುತ್ತೆ. ಊರಿನ ಹಳೇ ಮೆಕ್ಯಾನಿಕ್‌ಗಳು ಬೆರಳಲ್ಲಿ ಒತ್ತಿ "ಸರಿ ಇದೆ" ಅಂತಾರಲ್ಲ, ಅದು ಅಂದಾಜಲ್ಲ, ವಿದ್ಯೆ. ಅವರಲ್ಲಿ ಅನೇಕರಿಗೆ ವಯಸ್ಸಾಗ್ತಿದೆ.

ಹಾಗಾಗಿ ನಮ್ಮ ವಿಭಾಗಕ್ಕೆ ನನ್ನ ಬೇಡಿಕೆ ಎರಡು. ವರ್ಕ್‌ಶಾಪಿಗೆ ಓಡದಿದ್ದರೂ ಪರವಾಗಿಲ್ಲ, ಒಂದು ಹಳೇ ಯೆಜ್ಡಿ ತರಿಸಿ. ವರ್ಷಕ್ಕೊಂದು ಮಧ್ಯಾಹ್ನ ಅಂಥ ಒಬ್ಬ ಮೆಕ್ಯಾನಿಕ್‌ರನ್ನು ಗೌರವಧನ ಕೊಟ್ಟು ಕರೆಸಿ, ನಮಗೆ ಪಾಠ ಮಾಡಿಸಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದಿಡೋ ಕೆಲಸ ನಮ್ಮ ಸಂಘದ್ದಾಗಲಿ.