ಎರಡು ಆಂಟಿವೈರಸ್ ಇದ್ದರೆ ಡಬಲ್ ಸೇಫ್ಟಿಯಂತೆ! ಯಾರಿಗೆ ಮಾರಾಯ್ರೆ?

ಕಳೆದ ಮಳೆಗಾಲದ ಒಂದು ಸಂಜೆ. ಕಾಪು ಕಡೆ ಕಡಲ್ಕೊರೆತ, ಕಾರ್ಕಳ ಕಡೆ ಮನೆ ಮೇಲೆ ಮರ ಬಿದ್ದ ಸುದ್ದಿ. ಏಳು ಗಂಟೆಯೊಳಗೆ ವರದಿ, ಫೋಟೊ ಎರಡೂ ಡೆಸ್ಕಿಗೆ ಹೋಗಬೇಕು. ಲ್ಯಾಪ್‌ಟಾಪ್ ಆನ್ ಮಾಡಿದರೆ ಚಕ್ರ ತಿರುಗುತ್ತಲೇ ಇದೆ. ನುಡಿ ತೆರೆಯಲು ಐದು ನಿಮಿಷ ಬೇಕಾಯಿತು. ಕ್ಯಾಮೆರಾದ ಕಾರ್ಡ್ ಹಾಕಿದ್ದೇ ತಡ, ಮೂಲೆಯಲ್ಲಿ ಎರಡು ಡಬ್ಬಿ ಎದ್ದು ನಿಂತವು. ಎರಡು ಆಂಟಿವೈರಸ್, ಎರಡಕ್ಕೂ ತಾನೇ ಸ್ಕ್ಯಾನ್ ಮಾಡಬೇಕೆಂಬ ಹಟ. ಕೊನೆಗೆ ಮಶೀನೇ ನಿಂತುಹೋಯಿತು. ವರದಿಯನ್ನು ಫೋನಿನಲ್ಲಿ ಓದಿ ಹೇಳಿದೆ. ಮರುದಿನ ಪೇಪರಿನಲ್ಲಿ ಬಂದದ್ದು ನಾಲ್ಕು ಸಾಲು. ನಾಲ್ಕು ಸಾಲಿಗೆ ಸ್ಟ್ರಿಂಗರಿಗೆ ಎಷ್ಟು ಸಿಗುತ್ತದೆ ಎಂದು ಇಲ್ಲಿ ಬರೆಯುವವರಿಗೆಲ್ಲ ಗೊತ್ತು.

ಇದು ವೈರಸ್ಸಿನ ತಪ್ಪಲ್ಲ. ರಿಪೇರಿಗೆ ಕೊಟ್ಟಾಗ ಅಂಗಡಿಯವರು, "ಒಂದು ಸಾಕಾಗುದಿಲ್ಲ ಸರ್, ಇನ್ನೊಂದೂ ಇರ್ಲಿ, ಡಬಲ್ ಸೇಫ್ಟಿ" ಅಂದರು. ನಾನು ತಲೆಯಾಡಿಸಿ ದುಡ್ಡು ಕೊಟ್ಟೆ. ಊರಿಗೆಲ್ಲ ಪ್ರಶ್ನೆ ಕೇಳುವವ ಅಲ್ಲಿ ಒಂದು ಪ್ರಶ್ನೆ ಕೇಳಲಿಲ್ಲ. ಆದ್ದರಿಂದ ಈ ಬರಹ ಅಂಗಡಿಯವರ ಮೇಲೆ ಮಾತ್ರವಲ್ಲ, ನನ್ನ ಮೇಲೂ ಹೌದು.

ಆಂಟಿವೈರಸ್ ಏನು ಮಾಡುತ್ತದೆ? ನೀವು ಫೈಲ್ ತೆರೆಯುವ ಕ್ಷಣದಲ್ಲಿ ಅದನ್ನು ತಡೆದು, ನೋಡಿ, ಆಮೇಲೆ ಬಿಡುತ್ತದೆ. ಇದಕ್ಕೆ ರಿಯಲ್ ಟೈಮ್ ಕಾವಲು ಅನ್ನುತ್ತಾರೆ. ಇಂಥ ಎರಡು ಕಾವಲಿದ್ದರೆ ಒಂದೇ ಫೈಲನ್ನು ಇಬ್ಬರೂ ಹಿಡಿಯುತ್ತಾರೆ. ಒಬ್ಬ ಹಿಡಿದಿಟ್ಟ ವೈರಸ್ ಕಂಡು ಇನ್ನೊಬ್ಬ ಬೊಬ್ಬೆ ಹೊಡೆಯುವುದುಂಟು, ಒಬ್ಬನನ್ನೇ ಇನ್ನೊಬ್ಬ ಕಳ್ಳ ಅನ್ನುವುದೂ ಉಂಟು. ಮಿಯ್ಯಾರು ಕಂಬಳ ನೋಡಿದವರಿಗೆ ಹೇಳಬೇಕಾಗಿಲ್ಲ: ಒಂದು ಜೊತೆ ಕೋಣಕ್ಕೆ ಓಡಿಸುವವ ಒಬ್ಬನೇ. ಇಬ್ಬರು ಹಗ್ಗ ಹಿಡಿದರೆ ಮಂಜೊಟ್ಟಿ ಮುಟ್ಟುವುದಿಲ್ಲ, ಕೆಸರಿಗೆ ಬೀಳುತ್ತಾರೆ.

ನನ್ನ ಮಾತು ನಂಬಬೇಡಿ. ಹಲವು ಆಂಟಿವೈರಸ್ ಕಂಪನಿಗಳೇ ಇನ್‌ಸ್ಟಾಲ್ ಮಾಡುವಾಗ "ಮೊದಲು ಇರುವುದನ್ನು ತೆಗೆಯಿರಿ" ಎನ್ನುತ್ತವೆ. ವಿಂಡೋಸ್ 10, 11ರಲ್ಲಿ ಡಿಫೆಂಡರ್ ಎಂಬ ಕಾವಲು ಉಚಿತವಾಗಿಯೇ ಬಂದಿರುತ್ತದೆ. ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ, ಅದನ್ನು ತೆಗೆದರೆ ಮತ್ತೆ ಎದ್ದು ಕೂರುತ್ತದೆ. ಮಾಡಿದವರಿಗೇ ಗೊತ್ತಿರುವ ವಿಷಯ ಮಾರುವವರಿಗೆ ಗೊತ್ತಿಲ್ಲವೇ?

ಮಣಿಪಾಲದ ಹಾಸ್ಟೆಲ್ ಹುಡುಗರ ಹೊಸ ಲ್ಯಾಪ್‌ಟಾಪ್ ಈ ಭಾರವನ್ನು ಹೇಗೋ ತಡೆದುಕೊಂಡೀತು. ಕಾರ್ಕಳದ ಹಳ್ಳಿಮನೆಯಲ್ಲಿರುವುದು 4 ಜಿಬಿ ರ‍್ಯಾಮಿನ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಅಮ್ಮ ಬೀಡಿ ಕಟ್ಟಿದ ದುಡ್ಡಿನಲ್ಲಿ ತಂದದ್ದು. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ಅದು ನಿಂತುಹೋದರೆ, ಆ ಮಗಳ ವರ್ಷದ ಫೀಸು ಡಬಲ್ ಸೇಫ್ಟಿ ಮಾರಿದವರು ಕೊಡುತ್ತಾರೋ?

"ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುವುದಿಲ್ಲವಾ?" ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಹಿಡಿಯಬಹುದು. ಅದಕ್ಕೆ ಇನ್ನೊಬ್ಬ ಕಾವಲುಗಾರ ಬೇಡ, ಆಗಾಗ ಬಂದು ನೋಡಿ ಹೋಗುವವ ಸಾಕು. ನಾವು ಕರೆದಾಗ ಮಾತ್ರ ಸ್ಕ್ಯಾನ್ ಮಾಡುವ ಉಚಿತ ಟೂಲ್‌ಗಳಿವೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಅಂಥವನ್ನು ಉಚಿತವಾಗಿ ಕೊಡುತ್ತಿದೆ. ತಿಂಗಳಿಗೊಮ್ಮೆ ಓಡಿಸಿ, ಮುಚ್ಚಿ.

ನಿಜವಾದ ರಕ್ಷಣೆ ಬೇರೆಯೇ ಇದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಜಗತ್ತಿನ ಕಂಪ್ಯೂಟರ್‌ಗಳಿಗೆ ಬೀಗ ಹಾಕಿತಲ್ಲ, ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಬಚಾವಾದರು. ಅಪ್‌ಡೇಟಿಗೆ ದುಡ್ಡಿಲ್ಲ, ಕಮಿಷನ್ನೂ ಇಲ್ಲ. ಹಾಗಾಗಿ ಅದನ್ನು ಯಾರೂ ಹೇಳಿಕೊಡುವುದಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಸ್ಟಾರ್ಟ್ ಒತ್ತಿ 'ವಿಂಡೋಸ್ ಸೆಕ್ಯುರಿಟಿ' ತೆರೆಯಿರಿ. 'ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್' ಒಳಗೆ ಯಾರು ಕಾವಲಿದ್ದಾರೆ ಎಂದು ಕಾಣುತ್ತದೆ. ಇಬ್ಬರಿದ್ದರೆ ಒಬ್ಬರನ್ನು ಕಳಿಸಿ, ರೀಸ್ಟಾರ್ಟ್ ಮಾಡಿ. ಉಳಿದ ದುಡ್ಡಿಗೆ ಒಂದು ಪೆನ್‌ಡ್ರೈವ್ ತಂದು ಮಾರ್ಕ್ಸ್‌ಕಾರ್ಡ್, ಆರ್‌ಟಿಸಿ, ಫೋಟೊ ಎಲ್ಲ ಕಾಪಿ ಮಾಡಿ ಕಪಾಟಿನಲ್ಲಿಡಿ.

ಇದನ್ನು ಮೊಬೈಲಿನಲ್ಲಿ ಓದುತ್ತಿರುವವರಿಗೂ ಅದೇ ಮಾತು. ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಪ್ರೊಟೆಕ್ಟ್ ಇದೆ. ಮೂರು ಮೂರು 'ಕ್ಲೀನರ್' ಆ್ಯಪ್ ಹಾಕಿಕೊಂಡು, ವಾಟ್ಸ್ಯಾಪ್‌ನಲ್ಲಿ ಮದುವೆ ಕಾಗದ ಎಂದು ಬಂದ ಎಪಿಕೆ ಫೈಲನ್ನು ಒತ್ತಿದರೆ ಯಾವ ಕಾವಲೂ ಉಪಯೋಗಕ್ಕಿಲ್ಲ. ಒತ್ತಿ ದುಡ್ಡು ಹೋದರೆ ನಾಚಿಕೆ ಬಿಟ್ಟು ಕೂಡಲೇ 1930ಕ್ಕೆ ಫೋನ್ ಮಾಡಿ.

ಅಂಗಡಿಯಲ್ಲಿ ಯಾರಾದರೂ "ಡಬಲ್ ಸೇಫ್ಟಿ" ಅಂದರೆ ನಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ನೀವು ಕೇಳಿ: "ಸೇಫ್ಟಿ ಯಾರಿಗೆ ಅಣ್ಣಾ, ನನ್ನ ಕಂಪ್ಯೂಟರಿಗೋ, ನಿಮ್ಮ ಗಲ್ಲಾಕ್ಕೋ?"